ಹತ್ತು ‘ಇಲ್ಲ’ಗಳು

ಜೂನ್ 3, ಸೋಮವಾರ

…‘ನಿಮಗೇ ಗೊತ್ತಾ’ ಅಂದರೋ, ‘ನಿಮಗಾದರೂ ಗೊತ್ತಾ’ ಅಂದರೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ. ಮೊದಲನೆಯದಾದರೆ ಕುಹಕ, ಎರಡನೆಯದಾದರೆ ಕನಿಕರ. ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ಎರಡನ್ನೂ ಬಾಯೊಳಗೆ ಹೊರಳಿಸಿ ನೋಡಿದೆ. ಹೇಳಿದವರು ಗಣಿತದ ಮೇಷ್ಟ್ರು. ಕೇಳಿದ್ದು ಉದ್ಯಮಶೀಲತೆ ಅಂದರೆ ಏನು ಅಂತ. ನಾನು ಬೋರ್ಡಿನ ಮೇಲೆ ವ್ಯಾಖ್ಯೆ ಬರೆದೆ. ಮೂವತ್ತೆಂಟು ಜನ ಮೇಷ್ಟ್ರು, ಟೀಚರುಗಳು ತಲೆ ತಗ್ಗಿಸಿ ಅದನ್ನು ಇಳಿಸಿಕೊಂಡರು. ಆಮೇಲೆ ಬಂದ ಮಾತು ಅದು.

ಬರುವ ಅವಧಿಯಿಂದ ಈ ಭಾಗದ ಪ್ರೌಢಶಾಲೆಗಳಲ್ಲೂ ವಾರಕ್ಕೆ ಎರಡು ಪಿರಿಯಡ್ಡು ಈ ಹೊಸ ವಿಷಯ. ಕಲಿಸುವವರಿಗೆ ಮೂರು ವಾರ ತರಬೇತಿ. ತರಬೇತಿ ಕೊಡುವವನು ನಾನು. ಇದು ನನ್ನ ಒಂಬತ್ತನೆಯ ತಂಡ. ಇಪ್ಪತ್ತೆರಡು ವರ್ಷ ವಾಣಿಜ್ಯದ ಪಾಠ ಮಾಡಿದ್ದೇನೆ, ಆರು ವರ್ಷದಿಂದ ಇದು. ಸ್ವತಃ ಏನನ್ನೂ ಶುರುಮಾಡಿಲ್ಲ. ಒಮ್ಮೆ ಗೆಳೆಯನೊಬ್ಬನ ಜೊತೆ ಟೈಪಿಂಗ್ ಶಾಲೆ ತೆರೆಯುವ ಮಾತಾಗಿತ್ತು. ನಾಮಫಲಕದ ಬಣ್ಣ ಯಾವುದೆಂದು ತೀರ್ಮಾನವಾಗುವ ಮೊದಲೇ ಇಬ್ಬರಿಗೂ ಸುಸ್ತಾಯಿತು.

ಈ ಸಲ ಕೊಟ್ಟಿರುವುದು ಮುಚ್ಚಿಹೋದ ಶಾಲೆಯೊಂದರ ರಸಾಯನಶಾಸ್ತ್ರದ ಪ್ರಯೋಗಾಲಯ. ಬೆನ್ನಿಲ್ಲದ ಎತ್ತರದ ಸ್ಟೂಲುಗಳು, ಸಾಲಿಗೊಂದು ಸಿಂಕು, ನೀರು ಬಾರದ ನಲ್ಲಿಗಳು. ಊಟವಾದ ಮೇಲೆ ಇಡೀ ತರಗತಿ ನಿಧಾನವಾಗಿ ಮುಂದಕ್ಕೆ ವಾಲುತ್ತದೆ.

ಇನ್ನು ಹದಿನಾಲ್ಕು ದಿನ.

ಜೂನ್ 4, ಮಂಗಳವಾರ

ಹಾಜರಿ ಪಟ್ಟಿಯಲ್ಲಿ ಒಂದು ಹೆಸರಿನ ಮುಂದೆ ನಕ್ಷತ್ರದ ಗುರುತಿದೆ. ಮೂರನೆಯ ಸಾಲಿನ ಹೊಲಿಗೆ ಟೀಚರದು. ಕೆಳಗೆ ಸಣ್ಣ ಅಕ್ಷರದಲ್ಲಿ ಟಿಪ್ಪಣಿ: ಹೊಲಿಗೆ ವಿಷಯ ರದ್ದಾದ್ದರಿಂದ ಇವರು ಹೆಚ್ಚುವರಿ. ತರಬೇತಿ ‘ಪೂರ್ಣ’ವಾದರೆ ಹೊಸ ವಿಷಯಕ್ಕೆ, ‘ಅಪೂರ್ಣ’ವಾದರೆ ಪಠ್ಯಪುಸ್ತಕದ ಉಗ್ರಾಣಕ್ಕೆ. ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿದೆ.

ಚಹದ ಹೊತ್ತಿನಲ್ಲಿ ಅವರೇ ಬಂದು ಮಾತಾಡಿಸಿದರು. ಒಂದು ಕೈಯಲ್ಲಿ ಕಪ್ಪು, ಇನ್ನೊಂದು ಕೈಯಲ್ಲಿ ಪ್ರಯೋಗಾಲಯದ ಪರದೆಯ ಅಂಚು. 

“ಇದನ್ನ ಹೊಲಿದೋಳು ನನ್ನ ಶಿಷ್ಯೆ ಆಗಿರೋಕೆ ಸಾಧ್ಯವೇ ಇಲ್ಲ ಸಾರ್.” 

ಆಮೇಲೆ, ಪರದೆಗೇ ಹೇಳಿದ ಹಾಗೆ, “ಉಗ್ರಾಣದಲ್ಲಿ ಪುಸ್ತಕ ಇರುತ್ತಂತೆ, ಮಕ್ಕಳಿರಲ್ಲ. ನನಗೆ ಮಕ್ಕಳ ಎದುರು ನಿಲ್ಲೋದು ಬಿಟ್ಟು ಬೇರೆ ಬರಲ್ಲ,” ಅಂದರು.

ಸರಿ ಎಂಬಂತೆ ತಲೆ ಆಡಿಸಿದೆ. ತಲೆ ಆಡಿಸುವುದು ನನಗೆ ಚೆನ್ನಾಗಿ ಬರುತ್ತದೆ.

ಇನ್ನು ಹದಿಮೂರು.

ಜೂನ್ 6, ಗುರುವಾರ

ಮಂಡಿ ನೋವು. ಪಾಠ ಆಯಿತು. ಹನ್ನೊಂದು.

ಜೂನ್ 10, ಸೋಮವಾರ

ಕೈಪಿಡಿಯ ನಾಲ್ಕನೆಯ ಅಧ್ಯಾಯ: ‘ಹತ್ತು ಇಲ್ಲಗಳನ್ನು ಸಂಗ್ರಹಿಸಿ.’ ಪ್ರತಿಯೊಬ್ಬರೂ ಬೀದಿಗೆ ಹೋಗಬೇಕು. ತಮ್ಮಿಂದಾಗುವ ಒಂದು ಕೆಲಸವನ್ನು ಗುರುತಿಲ್ಲದ ಹತ್ತು ಜನರಿಗೆ ಮಾಡಿಕೊಡಲೇ ಎಂದು ಕೇಳಬೇಕು. ಅವರು ನಿರಾಕರಿಸಿದ್ದನ್ನು ನಮೂನೆಯಲ್ಲಿ ಬರೆದು ತರಬೇಕು. ಹತ್ತು ಸಾಲು ತುಂಬಿದರೆ ‘ಪೂರ್ಣ’. ನಿರಾಕರಣೆಯ ಹೆದರಿಕೆ ಹೋಗದವರು ಮಕ್ಕಳಿಗೆ ಧೈರ್ಯ ಹೇಳಲಾರರು ಎನ್ನುವುದು ಇದರ ಹಿಂದಿನ ತತ್ವ.

ಸಮಾಜ ವಿಜ್ಞಾನದ ಟೀಚರ್ ಕೈ ಎತ್ತಿದರು. “ಸಾರ್, ಯಾರಾದ್ರೂ ಹೂಂ ಅಂದುಬಿಟ್ರೆ?”

“ಅದು ಲೆಕ್ಕಕ್ಕೆ ಬರಲ್ಲ.”

“ಅಂದ್ರೆ ಗೆದ್ದೋರು ಫೇಲು!” ಎಂದು ಯಾರೋ ಹಿಂದಿನಿಂದ ಕೂಗಿದರು. ಪ್ರಯೋಗಾಲಯ ನಕ್ಕಿತು. ಒಂದು ವಾರದಲ್ಲಿ ಮೊದಲ ಸಲ.

ನಗು ಅಡಗುವುದನ್ನೇ ಕಾಯುತ್ತಿದ್ದ ಗಣಿತದ ಮೇಷ್ಟ್ರು, “ನೀವು ಎಷ್ಟು ಒಟ್ಟುಮಾಡಿದ್ರಿ ಸಾರ್, ನಿಮ್ಮ ತರಬೇತೀಲಿ?” ಅಂದರು.

ಗಂಟೆ ನೋಡಿಕೊಂಡು ಚಹಕ್ಕೆ ಬಿಟ್ಟೆ. ಐದು ನಿಮಿಷ ಮೊದಲೇ.

ಜೂನ್ 13, ಗುರುವಾರ

ನಿನ್ನೆ, ಮೊನ್ನೆ ಅವರನ್ನೆಲ್ಲ ಬೀದಿಗೆ ಕಳಿಸಿದ್ದೆ. ಖಾಲಿ ಪ್ರಯೋಗಾಲಯದಲ್ಲಿ ಒಬ್ಬನೇ ಕೂತಿರುವುದು ಹಿತವಾಗಿತ್ತು. ಇವತ್ತು ಎಲ್ಲರೂ ವಾಪಸ್ಸು. ಹೊಲಿಗೆ ಟೀಚರ್ ಮೂರನೆಯ ಸಾಲಿನಲ್ಲಿ ಸಿಂಕಿಗೆ ಮರೆಯಾಗಿ ಏನೋ ಹೊಲಿಯುತ್ತ ಕೂತಿದ್ದರು. ನೋಡಿಯೂ ನೋಡದ ಹಾಗೆ ಪಾಠ ಮುಂದುವರಿಸಿದೆ. ಅವರವರ ಬೇಸರ ಅವರವರಿಗೆ.

ಇನ್ನು ಆರು.

ಜೂನ್ 14, ಶುಕ್ರವಾರ

ಮೂವತ್ತೆಂಟು ನಮೂನೆಗಳನ್ನು ಮಧ್ಯಾಹ್ನ ಕೂತು ಮುಗಿಸಿದೆ. ಇಪ್ಪತ್ತೇಳರಲ್ಲಿ ಒಂದೇ ಬರಹ. ಅದೇ ಸೈಕಲ್ ರಿಪೇರಿಯವನು, ಅದೇ ಔಷಧ ಅಂಗಡಿಯವನು, ಅದೇ ಕ್ರಮದಲ್ಲಿ ‘ಇಲ್ಲ’ ಅಂದಿದ್ದಾರೆ. ಮೊದಲ ಪ್ರತಿಯಲ್ಲಿ ‘ನಿರಾಕರಣೆ’ಯ ರಕಾರ ಬಿಟ್ಟುಹೋಗಿತ್ತೆಂದು ಕಾಣುತ್ತದೆ. ಇಪ್ಪತ್ತೇಳು ಜನರೂ ಶ್ರದ್ಧೆಯಿಂದ ‘ನಿರಾಕಣೆ’ ಎಂದೇ ಬರೆದಿದ್ದಾರೆ. ಮಾದರಿ ಉತ್ತರ ತಯಾರಿಸಿ ಹಂಚಿಕೊಂಡಿದ್ದಾರೆ. ಮಕ್ಕಳು ಹೀಗೆ ಮಾಡಿದರೆ ಬೆಂಚಿನ ಮೇಲೆ ನಿಲ್ಲಿಸುವ ಜನ.

ಭಾಷೆಯ ಪಂಡಿತರು ನಿಜವಾಗಿಯೂ ಬೀದಿಗೆ ಹೋಗಿದ್ದಾರೆ. ಆದರೆ ಕೇಳಿಸಿಕೊಂಡದ್ದನ್ನು ತಿದ್ದದೆ ಬಿಡಲು ಅವರ ಕೈ ಒಪ್ಪಿಲ್ಲ. ಲಾರಿ ಚಾಲಕನೊಬ್ಬ ಅವರಿಗೆ, ‘ತಮ್ಮ ಸೇವೆಯ ಅಗತ್ಯವು ನನಗೆ ಸದ್ಯಕ್ಕೆ ಇರುವುದಿಲ್ಲ’ ಎಂದಿದ್ದಾನೆ.

ಎಲ್ಲರದ್ದೂ ಹತ್ತು ಸಾಲು. ಪೂರ್ಣ, ಪೂರ್ಣ, ಪೂರ್ಣ. ಸುಳ್ಳೆಂದು ಸಾಬೀತುಮಾಡುವುದು ನನ್ನ ಕೆಲಸವಲ್ಲ. ಸಾಲು ಎಣಿಸುವುದು ನನ್ನ ಕೆಲಸ.

ಹೊಲಿಗೆ ಟೀಚರದ್ದು ನಾಲ್ಕೇ ಸಾಲು. ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ ಬರೆಯಿತು. ಅಪೂರ್ಣ. ನಿಯಮ ಮಾಡಿದವನು ನಾನಲ್ಲ. ಪಟ್ಟಿಯನ್ನು ನಾಲ್ಕು ಗಂಟೆಯ ಟಪಾಲಿನಲ್ಲಿ ಇಲಾಖೆಯ ಕಚೇರಿಗೆ ಕಳಿಸಿ, ನಮೂನೆಗಳ ಕಟ್ಟನ್ನು ಮನೆಗೆ ತಂದೆ. ಹಿಂಬದಿ ಖಾಲಿ ಇರುವ ಕಾಗದ ಮನೆಯಲ್ಲಿ ಯಾವತ್ತೂ ಬೇಕು.

ಐದು ದಿನ.

ಜೂನ್ 16, ಭಾನುವಾರ

ಅಕ್ಕ ಸಾಮಾನಿನ ಚೀಟಿ ಬರೆಯಲು ಕಟ್ಟಿನಿಂದ ಒಂದು ಹಾಳೆ ಎಳೆದಳು. ಎಂಟು ವರ್ಷದಿಂದ ನಾವಿಬ್ಬರೇ ಈ ಮನೆಯಲ್ಲಿ. ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರೋಗಿಗಳಿಗೆ ಸರದಿ ಕೊಡುವ ಮುಂದಿನ ಮೇಜಿನವಳು.

“ಇದ್ರ ಹಿಂದೆ ಏನೋ ಬರೆದಿದೆ ಕಣೋ. ಕಸೂತಿ ಹಾಕಿದ ಹಾಗಿದೆ ಅಕ್ಷರ.”

“ಬೇರೆ ತಗೋ.”

“ತಗೋತೀನಿ. ನೀನು ಇದನ್ನ ಓದು.”

ಹೊಲಿಗೆ ಟೀಚರ ಹಾಳೆ. ನಾನು ತಿರುಗಿಸಿ ನೋಡಿಯೇ ಇರಲಿಲ್ಲ. ಹಿಂಬದಿಯಲ್ಲಿ ಅಳತೆಪಟ್ಟಿ ಹಿಡಿದು ಎಳೆದ ನಾಲ್ಕು ಕಾಲಮ್ಮುಗಳು. ಆಸ್ಪತ್ರೆಯ ಹಿಂಬಾಗಿಲಲ್ಲಿ, ಪಾಳಿ ಬದಲಾಗುವ ಹೊತ್ತಿನಲ್ಲಿ ನಿಂತು, ಹೋಗಿಬರುವ ಹೆಂಗಸರನ್ನು ‘ನಿಮ್ಮ ಬಟ್ಟೆಗೆ ಒಳಜೇಬು ಹೊಲಿದುಕೊಡಲೇ’ ಎಂದು ಕೇಳಿದ್ದಾರೆ. ಇಲ್ಲಿ ಇಳಿಸಿಕೊಳ್ಳುತ್ತೇನೆ:

ಇಲ್ಲ — ಹಣ್ಣು ಮಾರುವಾಕೆ. ‘ಇಲ್ಲಮ್ಮ, ನಿಮ್ಮ ಕೈಗೆ ಕೊಟ್ಟು ಕೂರೋಕೆ ಇನ್ನೊಂದು ಬಟ್ಟೆ ಎಲ್ಲಿದೆ?’

ಬೇಡ — ವಕೀಲೆ. ‘ಬೇಡ, ಬ್ಯಾಗ್ ಇದೆ.’

ಆಗಲ್ಲ — ಗೇಟಿನ ಕಾವಲಿನಾಕೆ. ‘ಆಗಲ್ಲ, ಯೂನಿಫಾರಮ್ಮಿಗೆ ಸೂಜಿ ತಾಗಿಸೋ ಹಾಗಿಲ್ಲ.’

ಅಲ್ಲ — ನರ್ಸ್. ‘ಅಯ್ಯೋ, ಜೇಬಲ್ಲ ತಾಯಿ. ಜೇಬು ಇದೆ. ಬಗ್ಗಿದ್ರೆ ಪೆನ್ನು, ಥರ್ಮಾಮೀಟರು ಎಲ್ಲಾ ರೋಗಿ ಮೇಲೆ ಬೀಳುತ್ತೆ.’

ಕೆಳಗೆ: ‘ನಾಲ್ಕನೆಯವರ ಮಾತು ಕೇಳಿದ ಮೇಲೆ ಐದನೆಯವರನ್ನು ಕೇಳುವುದರಲ್ಲಿ ಅರ್ಥ ಕಾಣಲಿಲ್ಲ. ಬಾಯಿ ಓರೆ ಇರುವ ಜೇಬು ಹೊಲಿದೆ. ನರ್ಸ್ ಹಾಕಿಕೊಂಡು ಬಗ್ಗಿ ನೋಡಿದರು. ಏನೂ ಬೀಳಲಿಲ್ಲ. ಇನ್ನಿಬ್ಬರಿಗೆ ಬೇಕಂತೆ. ಇವು ಇಲ್ಲಗಳಲ್ಲವಾದ್ದರಿಂದ ನಮೂನೆಯಲ್ಲಿ ಜಾಗವಿಲ್ಲ. ಕ್ಷಮಿಸಬೇಕು.’

ಆ ಕೈಪಿಡಿಯನ್ನು ಕನ್ನಡಕ್ಕೆ ಮಾಡಿದವನು ನಾನು. ಆರು ವರ್ಷದ ಹಿಂದೆ, ಹನ್ನೊಂದು ದಿನದಲ್ಲಿ. ಮೂಲದಲ್ಲಿ ಎಲ್ಲ ನಿರಾಕರಣೆಗೂ ಒಂದೇ ಮಾತಿತ್ತು. ನಾನೂ ಒಂದೇ ಮಾತು ಇಟ್ಟೆ. ಹೊಂದಿತು ಅನ್ನಿಸಿತ್ತು. ನಾನು ಆಡುವ ಭಾಷೆಯೇ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಒಂಬತ್ತು ತಂಡದಲ್ಲಿ ಬೇರೆ ಯಾರಿಗೂ ಬಿದ್ದಿರಲಿಲ್ಲ.

ಅಕ್ಕನಿಗೆ ವಿಷಯ ಹೇಳಿದೆ. ಅವಳು ಚೀಟಿ ಬರೆಯುತ್ತಲೇ, “ನಾನು ದಿನಾ ಆ ಮೇಜಲ್ಲಿ ಕೂತು ಎಷ್ಟು ಥರ ‘ಇಲ್ಲ’ ಹೇಳ್ತೀನಿ ಗೊತ್ತಾ? ಹಲ್ಲು ನೋಯ್ತಿರೋನಿಗೆ ‘ಆಗಲ್ಲ’ ಅಂದ್ರೆ ಜಗಳಕ್ಕೆ ಬರ್ತಾನೆ. ‘ಡಾಕ್ಟ್ರು ಇಲ್ಲ’ ಅಂದ್ರೆ ಸುಮ್ಮನೆ ಹೋಗ್ತಾನೆ,” ಅಂದಳು. ಆಮೇಲೆ ಕನ್ನಡಕ ತೆಗೆದು, “ಅಲ್ವೋ, ಆಯಮ್ಮನ್ನ ಉಗ್ರಾಣಕ್ಕೆ ಹಾಕೋ ಪಟ್ಟಿ ಹೊರಟುಹೋಯ್ತಾ?” ಎಂದು ಕೇಳಿದಳು.

“ಹೋಯ್ತು.”

“ಹೋಗಿ ವಾಪಸ್ ಕೇಳು.”

“ಕೊಡಲ್ಲ ಅವರು.”

“ಕೇಳಿದೀಯಾ?”

ಜೂನ್ 17, ಸೋಮವಾರ

ತರಗತಿಗೆ ಗುಂಪು ಚರ್ಚೆ ಕೊಟ್ಟು ಕಚೇರಿಗೆ ಹೋದೆ. ಟಪಾಲಿನ ಗುಮಾಸ್ತರು ತಲೆ ಎತ್ತದೆ, “ನನ್ನ ಹತ್ರ ಇಲ್ಲ ಸಾರ್. ಮೇಲೆ ಹೋಗಿದೆ,” ಅಂದರು. ಮೇಲಿನ ಮಹಡಿಯಲ್ಲಿ ಶಾಖೆಯ ಗುಮಾಸ್ತರು. 

“ಆಗಲ್ಲ. ಇನ್‌ವರ್ಡ್ ನಂಬರ್ ಬಿದ್ದಾಯ್ತು. ನಂಬರ್ ಬಿದ್ದ ಮೇಲೆ ಕಾಗದ ನಿಮ್ಮದಲ್ಲ, ಸರ್ಕಾರದ್ದು.” 

ಎರಡು ಮಹಡಿ ಹತ್ತಿ ಇಳಿದದ್ದಕ್ಕೆ ಮಂಡಿ ತನ್ನ ಅಭಿಪ್ರಾಯ ಹೇಳುತ್ತಿದೆ.

ಜೂನ್ 18, ಮಂಗಳವಾರ

ನಮ್ಮ ತರಬೇತಿ ಕೇಂದ್ರದ ಮುಖ್ಯಸ್ಥರನ್ನು ಕಂಡೆ. ನನಗಿಂತ ಎರಡು ವರ್ಷ ಚಿಕ್ಕವರು. ಕುರ್ಚಿ ತೋರಿಸಿದರು, ಕೇಳಿಸಿಕೊಂಡರು. 

“ಬೇಡ ಬಿಡಿ ಸಾರ್, ಯಾಕೆ ತಲೆನೋವು? ನಿಮ್ಮ ಗುತ್ತಿಗೆಯೂ ಮುಂದಿನ ತಿಂಗಳು ನವೀಕರಣಕ್ಕೆ ಬರುತ್ತೆ. ಈಗ ಹೋಗಿ ನನ್ನ ತಪ್ಪು ಅಂತ ಬರೆದುಕೊಡ್ತೀರಾ?” 

ಒಳ್ಳೆಯ ಮನುಷ್ಯ. ನನ್ನ ಹಿತಕ್ಕೇ ಹೇಳಿದ್ದು.

ಸಂಜೆ ಎಲ್ಲರೂ ಹೊರಟ ಮೇಲೆ ಹೊಲಿಗೆ ಟೀಚರಿಗೆ ಹೇಳಿಯೇಬಿಟ್ಟೆ. “ಟೀಚರ್, ನಿಮ್ಮದನ್ನ ಅಪೂರ್ಣ ಅಂತ ಕಳಿಸಿಬಿಟ್ಟಿದ್ದೀನಿ. ಹಾಳೆಯ ಹಿಂಬದಿ ನೋಡಿರಲಿಲ್ಲ.”

ಅವರು ಚೀಲದ ಗುಂಡಿ ಹಾಕುತ್ತಿದ್ದರು. ಕೈ ನಿಂತಿತು, ಮತ್ತೆ ಹಾಕಿತು.

“ಮಕ್ಕಳ ಹೊಲಿಗೇಲಿ ನಾನು ಮೊದಲು ನೋಡೋದೇ ಹಿಂಬದಿ ಸಾರ್. ಮುಂದುಗಡೆ ಎಲ್ಲರದ್ದೂ ಚೆನ್ನಾಗೇ ಇರುತ್ತೆ.” 

ಚೀಲವನ್ನು ಹೆಗಲಿಗೇರಿಸಿ, “ಹತ್ತು ಅಂದ್ರಿ, ನಾಲ್ಕು ಬರೆದೆ. ನಂದೂ ತಪ್ಪೇ,” ಅಂದರು.

ಬೈದಿದ್ದರೆ ಅನುಕೂಲವಾಗುತ್ತಿತ್ತು.

“ನಾಳೆಯಿಂದ ಬರಬೇಕಾ ನಾನು?” ಎಂದು ಬಾಗಿಲಲ್ಲಿ ನಿಂತು ಕೇಳಿದರು. ನಾಳೆ ಮಾದರಿ ಪಾಠಗಳ ದಿನ. ಅಪೂರ್ಣದವರಿಗೆ ಪಾಠ ಮಾಡುವ ಅವಕಾಶವಿಲ್ಲ.

“ಬನ್ನಿ,” ಅಂದೆ. “ಮೊದಲನೇ ಪಾಠ ನಿಮ್ಮದೇ.” ಯಾಕೆ ಹಾಗಂದೆನೋ.

ಜೂನ್ 19, ಬುಧವಾರ

ಅವರು ಬೋರ್ಡಿನ ಮೇಲೆ ನಾಲ್ಕು ಗೆರೆ ಎಳೆದರು. ಇಲ್ಲ, ಬೇಡ, ಆಗಲ್ಲ, ಅಲ್ಲ. ಸೀಮೆಸುಣ್ಣವನ್ನು ದರ್ಜಿಗಳು ಬಟ್ಟೆಗೆ ಗುರುತು ಹಾಕುವ ಹಾಗೆ ಹಿಡಿಯುತ್ತಾರೆ. ಆಮೇಲೆ ತಿರುಗಿ ನಿಂತರು. ಎರಡು ವಾರದಿಂದ ಸಿಂಕಿನ ಹಿಂದೆ ಮುದುಡಿ ಕೂತಿದ್ದವರು ಒಂದು ಗೇಣು ಎತ್ತರವಾದ ಹಾಗೆ ಕಂಡಿತು.

“ಇಲ್ಲ ಅಂದ್ರೆ ಅವರ ಹತ್ರ ಇಲ್ಲ. ಅದಕ್ಕೆ ಬೇಜಾರು ಮಾಡ್ಕೋಬಾರದು, ಅವರಿಗೇ ಬೇಜಾರಾಗಿರುತ್ತೆ. ಬೇಡ ಅಂದ್ರೆ ಇದೆ, ಸಾಕಾಗಿದೆ. ಅವರನ್ನ ಬಿಟ್ಟುಬಿಡಿ. ಆಗಲ್ಲ ಅಂದ್ರೆ ಆಸೆ ಇದೆ, ಯಾರೋ ತಡೀತಿದಾರೆ. ಹಾಗಾದ್ರೆ ಕೇಳಬೇಕಾದ್ದು ಆ ತಡೆಯೋರನ್ನ. ಅಲ್ಲ ಅಂದೋರು…” ಎಂದು ಸೀಮೆಸುಣ್ಣದಿಂದ ಕೊನೆಯ ಕಾಲಂ ಮುಟ್ಟಿದರು. “ಇವರು ಮಾತ್ರ ನಮ್ಮ ಜೊತೆ ಇನ್ನೂ ಮಾತಾಡ್ತಿದಾರೆ. ಇದಲ್ಲ ಅಂದೋರಿಗೆ ಇನ್ನೇನೋ ಬೇಕು.”

ಗಣಿತದ ಮೇಷ್ಟ್ರು ಬಿಡುವವರಲ್ಲ. “‘ಊಹೂಂ’ ಅಂದ್ರೆ ಟೀಚರೇ? ಅದು ಯಾವುದಕ್ಕೆ ಸೇರುತ್ತೆ?”

“ಊಹೂಂ ಅನ್ನೋರು ಇನ್ನೂ ಬಾಯಿ ಬಿಟ್ಟಿಲ್ಲ ಸಾರ್. ಬಿಡೋವರೆಗೂ ಪಕ್ಕದಲ್ಲಿ ಕೂತ್ಕೊಳ್ಳಿ.”

“ನಮ್ಮ ಮನೇಲಿ ‘ನಿಮಗೆ ಬಿಟ್ಟಿದ್ದು’ ಅಂತಾರೆ!” ಎಂದು ಪಂಡಿತರು ಹೇಳಿದಾಗ ಸಮಾಜ ವಿಜ್ಞಾನದ ಟೀಚರ್, “ಅದು ಆಗಲ್ಲಕ್ಕಿಂತ ಜೋರು ಪಂಡಿತರೇ, ಹುಷಾರು,” ಅಂದರು. ಮುಕ್ಕಾಲು ಗಂಟೆಯ ಪಾಠ ಒಂದೂವರೆ ಗಂಟೆಯಾಯಿತು. ಯಾರೂ ಮುಂದಕ್ಕೆ ವಾಲಲಿಲ್ಲ. ಪೇಟೆಯವರು, ಅಣ್ಣಂದಿರು, ಹೆಡ್‌ಮಾಸ್ಟರು, ಅತ್ತೆಯರು ಹೇಳಿದ ನಿರಾಕರಣೆಗಳೆಲ್ಲ ಬೋರ್ಡಿನ ಮೇಲೆ ಬಂದು ಕೂತವು. ಜಾಗ ಸಾಲದೆ ಟೀಚರ್ ಗೋಡೆಯ ಮೇಲೂ ಬರೆದರು.

ಊಟದ ಹೊತ್ತಿನಲ್ಲಿ ಗಣಿತದ ಮೇಷ್ಟ್ರು ನನ್ನ ಸ್ಟೂಲಿನ ಹತ್ತಿರ ಬಂದರು. “ಆ ಮಾದರಿ ನಮೂನೆ ನಂದು ಸಾರ್. ಎಲ್ಲರೂ ಕೇಳಿದ್ರು, ಕೊಟ್ಟೆ. ಉತ್ತರ ಮೊದಲೇ ಗೊತ್ತಿಲ್ಲದೆ ಪ್ರಶ್ನೆ ಕೇಳಿ ನಮಗೆ ಅಭ್ಯಾಸವೇ ಇಲ್ಲ.” ಟಿಫಿನ್ ಡಬ್ಬಿಯ ಮುಚ್ಚಳ ಕೈಯಲ್ಲೇ ಇತ್ತು. “ಅವರದ್ದು ಅಪೂರ್ಣವಂತೆ, ನಮ್ಮದು ಪೂರ್ಣವಂತೆ. ಏನು ಮಾಡ್ತೀರಾ?”

“ಎರಡು ದಿನದಿಂದ ಓಡಾಡ್ತಿದೀನಿ. ಯಾರೂ ಕೊಡ್ತಿಲ್ಲ.”

“ಯಾರ್ಯಾರು ಏನೇನು ಅಂದ್ರು?”

ಹೇಳಿದೆ. ಅವರು ಬೋರ್ಡಿನ ಕಡೆ ನೋಡಿದರು, ನನ್ನ ಕಡೆ ನೋಡಿದರು, ಊಟಕ್ಕೆ ಹೋದರು.

ಜೂನ್ 20, ಗುರುವಾರ

ಮಾದರಿ ಪಾಠಗಳ ನಡುವೆ ಮತ್ತೆ ಕಚೇರಿ. ಮೇಲಿನ ಗುಮಾಸ್ತರು ರಜೆ. ಪಕ್ಕದ ಮೇಜಿನ ಹೆಂಗಸು, ಮುಖಕ್ಕೆ ಕಡತದಿಂದ ಗಾಳಿ ಹಾಕಿಕೊಳ್ಳುತ್ತ, ನಾನು ಇಡೀ ಕಥೆ ಹೇಳಿ ಮುಗಿಸುವವರೆಗೂ ಕೇಳಿಸಿಕೊಂಡರು.

“ವಾಪಸ್ ಕೇಳೋದಲ್ಲ ಸಾರ್. ತಿದ್ದುಪಡಿ ಕೊಡಿ. ‘ನಾನು ಕಳಿಸಿದ ಪಟ್ಟಿಯಲ್ಲಿ ಇಂಥ ಸಾಲು ತಪ್ಪಾಗಿದೆ’ ಅಂತ ನಿಮ್ಮ ಸಹಿ ಹಾಕಿ ಕೊಟ್ರೆ ಅದಕ್ಕೂ ಒಂದು ನಂಬರ್ ಬೀಳುತ್ತೆ. ನಂಬರ್ ಬಿದ್ದಿದ್ದನ್ನ ಸಾಹೇಬರು ನೋಡಲೇಬೇಕು. ಆದೇಶ ಹೊರಡೋದು ಮುಂದಿನ ಶುಕ್ರವಾರ. ಅಷ್ಟರೊಳಗೆ ಬನ್ನಿ.”

“ಇದನ್ನ ಮೊದಲೇ ಯಾರೂ ಹೇಳಲಿಲ್ಲವಲ್ಲ ಅಮ್ಮ.”

“ನೀವು ಮೊದಲೇ ನನ್ನ ಕೇಳಲಿಲ್ಲವಲ್ಲ.”

ಜೂನ್ 21, ಶುಕ್ರವಾರ

ತರಬೇತಿ ಮುಗಿಯಿತು. ಎಂದಿನ ಫೋಟೋ, ಎಂದಿನ ಭಾಷಣ. ಮುಗಿದದ್ದು ಗಮನಕ್ಕೆ ಬಂದದ್ದು ಸ್ಟೂಲುಗಳನ್ನು ಮೇಜಿನ ಮೇಲೆ ತಲೆಕೆಳಗು ಮಾಡುವಾಗ. 

ಹೊಲಿಗೆ ಟೀಚರ್ ತಮ್ಮ ಶಾಲೆಗೆ ಹೊರಟರು. ಅವರ ಹತ್ತನೆಯ ತರಗತಿಯ ಕಪಾಟಿನಲ್ಲಿ ದಾರ, ಕತ್ತರಿ, ಮಕ್ಕಳ ಅರ್ಧ ಮುಗಿದ ತುಂಡುಗಳು ಇವೆಯಂತೆ. ಖಾಲಿ ಮಾಡಿಕೊಡಲು ಹೆಡ್‌ಮಾಸ್ಟರು ಹೇಳಿದ್ದಾರಂತೆ. 

“ಮಾಡಬೇಡಿ, ಮುಂದಿನ ಶುಕ್ರವಾರದವರೆಗೆ,” ಅಂದೆ. 

“ಆಗಲಿ ಸಾರ್,” ಅಂದರು. ನಂಬಿದ ಹಾಗೆ ಕಾಣಲಿಲ್ಲ. ನಾನಾಗಿದ್ದರೂ ನಂಬುತ್ತಿರಲಿಲ್ಲ.

ಮನೆಯಲ್ಲಿ ತಿದ್ದುಪಡಿ ಪತ್ರ ಬರೆದೆ. ಮೂರು ಸಲ ಹರಿದೆ. ಮೊದಲನೆಯದರಲ್ಲಿ ‘ಕಣ್ತಪ್ಪಿನಿಂದ’ ಎಂದು ಬರೆದಿದ್ದೆ. ಅಕ್ಕ ಬೆನ್ನ ಹಿಂದಿನಿಂದ ಓದಿ, “ಕಣ್ಣು ಏನು ಮಾಡಿತು ಪಾಪ?” ಅಂದಳು. ಕೊನೆಯದರಲ್ಲಿ ಇದ್ದದ್ದು: ‘ಹಾಳೆಯ ಹಿಂಬದಿ ನೋಡದೆ ಅಪೂರ್ಣವೆಂದು ಗುರುತು ಹಾಕಿದ್ದೇನೆ. ಅಲ್ಲದೆ, ಕೈಪಿಡಿಯ ನಾಲ್ಕನೆಯ ಅಧ್ಯಾಯದಲ್ಲಿ ‘ಇಲ್ಲ’ ಎಂಬ ಒಂದೇ ಮಾತನ್ನು ಬಳಸಿರುವುದು ಅನುವಾದಕನ ತಪ್ಪು. ಅನುವಾದಕ ನಾನೇ. ಈ ಶಿಕ್ಷಕಿ ನಮೂನೆಯನ್ನು ತುಂಬಿಲ್ಲ, ತಿದ್ದಿದ್ದಾರೆ.’

ಜೂನ್ 25, ಮಂಗಳವಾರ

ನಿನ್ನೆ ಸಾಹೇಬರು ಸಭೆಯಲ್ಲಿದ್ದರು. ಇವತ್ತು ಹತ್ತು ಗಂಟೆಯಿಂದ ಹೊರಗಿನ ಬೆಂಚಿನಲ್ಲಿ ಕೂತೆ. ಒಂದು ಕಾಲು ಗಿಡ್ಡವಿರುವ ಬೆಂಚು. ಪಕ್ಕದಲ್ಲಿ ಯಾರಾದರೂ ಎದ್ದರೆ ನಾವು ಒಂದಿಷ್ಟು ತಗ್ಗಿಗೆ ಇಳಿಯುತ್ತೇವೆ. ಒಂದೂವರೆಗೆ ಕರೆದರು.

ಸಾಹೇಬರು ಪತ್ರ ಓದಿದರು. “ತಪ್ಪು ನಿಮ್ಮದೇ ಅಂತ ನೀವೇ ಬರೆದಿದೀರಲ್ರೀ.”

“ಹೌದು ಸಾರ್.”

“ಯಾರಾದ್ರೂ ಹೀಗೆ ಬರ್ಕೊಡ್ತಾರೇನ್ರೀ? ನಿಮ್ಮ ನವೀಕರಣದ ಫೈಲೂ ನನ್ನ ಹತ್ರಾನೇ ಬರೋದು.”

“ಬರಲಿ ಸಾರ್. ಇದು ಆ ಟೀಚರ ಹಾಳೆ, ಒಂದು ಸಲ ತಿರುಗಿಸಿ ನೋಡಿ.”

ಅವರು ತಿರುಗಿಸಿದರು. ನಾಲ್ಕೂ ಕಾಲಂ ಓದಿದರು. ನರ್ಸಿನ ಮಾತಿನ ಹತ್ತಿರ ಅವರ ಬೆರಳು ನಿಂತಿತು. ತಮ್ಮ ಅಂಗಿಯ ಜೇಬಿನ ಪೆನ್ನನ್ನು ಒಮ್ಮೆ ಮುಟ್ಟಿಕೊಂಡರು. ಬೇಕೆಂದೇ ಮಾಡಿದ್ದಲ್ಲ. ಮೇಜಿನ ಎಡಗಡೆ ಸಹಿಯಾದ ಕಡತಗಳ ರಾಶಿ ಇತ್ತು, ಬಲಗಡೆ ವಾಪಸ್ಸು ಹೋಗುವವುಗಳದ್ದು. ಹಾಳೆಯನ್ನು ಎರಡರಲ್ಲೂ ಇಡದೆ ಎದುರಿಗೇ, ಗಾಜಿನ ಕೆಳಕ್ಕೆ ಸರಿಸಿದರು.

“ಇವರು ಮಕ್ಕಳಿಗೆ ಇದನ್ನೇ ಕಲಿಸ್ತಾರಾ?”

“ಮೇಷ್ಟ್ರುಗಳಿಗೇ ಕಲಿಸಿದ್ರು ಸಾರ್. ನಾನು ಹಿಂದಿನ ಸ್ಟೂಲಲ್ಲಿ ಕೂತಿದ್ದೆ.”

ಆಮೇಲೆ ಅವರು ಗಡಿಯಾರ ನೋಡಿ ಎದ್ದು, “ನೋಡೋಣ,” ಅಂದರು.

ಹೊರಗೆ ಪಕ್ಕದ ಮೇಜಿನ ಹೆಂಗಸು ಹುಬ್ಬು ಹಾರಿಸಿ ಏನಾಯ್ತೆಂದು ಕೇಳಿದರು. ಹೇಳಿದೆ. ಅವರಿಗೂ ಅರ್ಥ ತಿಳಿಯಲಿಲ್ಲ. ಇಪ್ಪತ್ತು ವರ್ಷದಿಂದ ಆ ಮಾತನ್ನು ಕೇಳುತ್ತಿದ್ದಾರಂತೆ. ಒಮ್ಮೊಮ್ಮೆ ಆಗಿದೆಯಂತೆ, ಒಮ್ಮೊಮ್ಮೆ ಆಗಿಲ್ಲವಂತೆ. ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ನಿಂತೇ ಬಂದೆ. ಸಾಹೇಬರು, ದಾರಿ ಇಲ್ಲದಿದ್ದರೆ ಇಲ್ಲ ಅನ್ನಬಹುದಿತ್ತು, ಬೇಕಿಲ್ಲದಿದ್ದರೆ ಬೇಡ ಅನ್ನಬಹುದಿತ್ತು. ಆಗಲ್ಲ ಅನ್ನುವುದು ಅವರಿಗೆ ಎಲ್ಲಕ್ಕಿಂತ ಸುಲಭವಾಗಿತ್ತು. ಅದನ್ನೂ ಅನ್ನಲಿಲ್ಲ.

ನಾಳೆ ಒಂಬತ್ತೂವರೆಯ ಬಸ್ಸಿಗೇ ಹೊರಡಬೇಕು. ಬೆಂಚಿನ ಗಿಡ್ಡ ಕಾಲಿಗೆ ಇಡಲು ಒಂದು ರಟ್ಟಿನ ತುಂಡು ಮಡಚಿ ಚೀಲಕ್ಕೆ ಹಾಕಿಕೊಂಡಿದ್ದೇನೆ.

ಶುಕ್ರವಾರಕ್ಕೆ ಇನ್ನೂ ಮೂರು ದಿನವಿದೆ. ಕಪಾಟು ಖಾಲಿ ಮಾಡಿಲ್ಲ ತಾನೇ, ಟೀಚರ್? ‘ನೋಡೋಣ’ ಅಂದಿದ್ದಾರೆ. ನೀವಾಗಿದ್ದರೆ ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯುತ್ತಿದ್ದಿರಿ?